ಸಂಜೆಯಿಲ್ಲದ ದಿನಗಳು

ರಾತ್ರಿ ಒಂಬತ್ತು ಗಂಟೆ ದಾಟಿದ ಬಳಿಕ ಮಂಗಳೂರಿನ ಬಿಜೈ, ಜ್ಯೋತಿ, ಪಂಪ್‌ವೆಲ್‌ಗಳಲ್ಲಿ ಬೆಂಗಳೂರಿನ ಬಸ್ಸಿಗೆ ಕಾದು ನಿಲ್ಲುವವರನ್ನು ಗಮನವಿಟ್ಟು ನೋಡಿದರೆ ಅವರಲ್ಲಿ ಎರಡು ಬಗೆಯವರಿರುವುದು ತಿಳಿಯುತ್ತದೆ. ಮದುವೆಗೆ, ಓದಿಗೆ, ರಜೆಗೆ ಹೋಗುವವರದು ಒಂದು ಬಗೆ. ಅವರ ಕೈಯಲ್ಲಿ ದೊಡ್ಡ ಗಂಟುಗಳು, ಜೊತೆಯಲ್ಲಿ ಬೀಳ್ಕೊಡಲು ಬಂದ ಬಂಧುಗಳು. ಇನ್ನೊಂದು ಬಗೆಯವರು ಒಂಟಿಯಾಗಿ ನಿಂತಿರುತ್ತಾರೆ. ಹೆಗಲಲ್ಲಿ ಒಂದೇ ಚೀಲ. ಅದರೊಳಗೆ ಒಂದು ಜೊತೆ ಬಟ್ಟೆ, ಲೆಕ್ಕದ ಕಾಗದಗಳು, ಮಾಲಿನ ಸ್ಯಾಂಪಲ್. ಕಿವಿಯಲ್ಲಿ ಫೋನು. ಇವರು ಬೆಳಗಿನಿಂದ ದುಡಿದು ಬಂದವರು. ದುಡಿಮೆ ಮುಗಿಯಿತೆಂದು ಹೊರಟವರಲ್ಲ, ದುಡಿಮೆಯ ಮುಂದಿನ ಭಾಗಕ್ಕಾಗಿ ಹೊರಟವರು.

ಈ ಎರಡನೆಯ ಬಗೆಯವರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಔಷಧ ಕಂಪೆನಿಗಳ ಪ್ರತಿನಿಧಿಗಳು, ಹೆಂಚು, ಮೀನು, ಗೇರುಬೀಜದ ವ್ಯಾಪಾರಿಗಳು, ಯಂತ್ರ ರಿಪೇರಿಯವರು, ಕಚೇರಿಯ ಸಭೆಗೆ ಕರೆಬಂದ ಅಧಿಕಾರಿಗಳು, ಇತ್ತಿತ್ತಲಾಗಿ ಸ್ತ್ರೀಯರೂ ಬಹಳ ಮಂದಿ. ದಿನದ ಕೊನೆಯಲ್ಲಿ ವಿಶ್ರಾಂತಿಯ ಬದಲು ಪ್ರಯಾಣವೇ ಬಂದೊದಗುವ ಈ ಬದುಕಿನ ಕುರಿತು ಈ ವಾರ ಓದುಗರೊಂದಿಗೆ ವಿಚಾರ ಮಾಡಬೇಕೆಂದು ನಾವು ಬಯಸುತ್ತೇವೆ.

ಒಂದು ಗುರುವಾರದ ದಿನಚರಿ

ನಮ್ಮ ಪರಿಚಯದ ಗೃಹಸ್ಥರೊಬ್ಬರು ಗೇರುಬೀಜದ ಒಂದು ಸಣ್ಣ ಕಾರ್ಖಾನೆಯನ್ನು ನಡೆಸುತ್ತಾರೆ. ತಮ್ಮ ಹೆಸರು ಬೇಡ, ವಿಷಯವನ್ನು ಮಾತ್ರ ಬರೆಯಿರಿ ಎಂದು ಅವರು ಅನುಮತಿ ಕೊಟ್ಟಿರುವುದರಿಂದ ಅವರ ಒಂದು ಗುರುವಾರವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಅವರು ಏಳುವುದು ಬೆಳಗ್ಗೆ ಐದು ಗಂಟೆಗೆ. ಆರೂವರೆಗೆ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬಿದ್ದಿರಬೇಕು. ಕಚ್ಚಾ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಡೆದು, ತಿರುಳನ್ನು ಬೋರ್ಮಾದ ಬಿಸಿಯಲ್ಲಿ ಒಣಗಿಸಿ, ಮೇಲಿನ ಕೆಂಪು ಸಿಪ್ಪೆಯನ್ನು ಸುಲಿದು, ಗಾತ್ರ ನೋಡಿ ವಿಂಗಡಿಸಿ ತುಂಬುವ ತನಕ ಹಲವು ಕೈಗಳು ದುಡಿಯಬೇಕು. ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವಂಥದ್ದು. ಒಡೆಯುವ ಕೆಲಸದವರು ಕೈಗೆ ಗ್ಲೌಸ್ ಹಾಕಿದ್ದಾರೋ ಇಲ್ಲವೋ ಎಂದು ನೋಡುವುದು ಅವರ ಮೊದಲನೆಯ ಕೆಲಸ. 80 ಕಿಲೋದ ಒಂದು ಚೀಲ ಕಚ್ಚಾ ಬೀಜದಿಂದ ಸಿಗುವ ತಿರುಳು ಸುಮಾರು 20 ಕಿಲೋ. ಅದೂ ಇಡಿಯಾಗಿ ಉಳಿದರೆ ಬೆಲೆ. ತುಂಡಾದರೆ ಬೆಲೆಯೂ ತುಂಡು. ವ್ಯಾಪಾರದಲ್ಲಿ ಡಬ್ಲ್ಯೂ-320 ಎಂದು ಕರೆಯುವ ದರ್ಜೆಯಲ್ಲಿ ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, 300ರಿಂದ 320 ಇಡಿ ತಿರುಳುಗಳು ತೂಗಬೇಕು. ಡಬ್ಲ್ಯೂ-180 ಎಂಬ ದೊಡ್ಡ ಗಾತ್ರದ ದರ್ಜೆಯಲ್ಲಿ 170ರಿಂದ 180. ಈ ಲೆಕ್ಕ ತಪ್ಪಿದರೆ ಖರೀದಿದಾರ ಮಾಲನ್ನು ಹಿಂದಕ್ಕೆ ಕಳುಹಿಸುತ್ತಾನೆ.

ಆ ಗುರುವಾರ ಹತ್ತು ಗಂಟೆಗೆ ಬ್ಯಾಂಕಿನಲ್ಲಿ ಸಾಲದ ಖಾತೆಯ ನವೀಕರಣ. ಹನ್ನೊಂದೂವರೆಗೆ ಆಡಿಟರ ಕಚೇರಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಯ್ಲರಿನ ಒಂದು ವಾಲ್ವ್ ಸೋರಲು ಪ್ರಾರಂಭವಾಗಿ ಮೆಕ್ಯಾನಿಕ್ ಬರುವ ತನಕ ಕೆಲಸ ನಿಂತಿತು. ಎರಡು ಗಂಟೆಗೆ ಕಾರ್ಖಾನೆಯ ಮೂಲೆಯಲ್ಲಿ ನಿಂತುಕೊಂಡೇ ಊಟ. ನಾಲ್ಕಕ್ಕೆ ಬೆಂಗಳೂರಿಗೆ ಹೋಗುವ ಲಾರಿಗೆ ಮಾಲು ತುಂಬಿಸುವ ಕೆಲಸ; ಅದು ಏಳಕ್ಕೆ ಮುಗಿಯಿತು. ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ಎಂಟೂವರೆ. ಒಂಬತ್ತೂವರೆಯ ಬಸ್ಸಿಗೆ ಅವರು ಬೆಂಗಳೂರಿಗೆ ಹೊರಡಬೇಕು. ಶುಕ್ರವಾರ ಹಗಲಿಡೀ ಅಂಗಡಿಯಿಂದ ಅಂಗಡಿಗೆ ಅಲೆದು ಬಾಕಿ ವಸೂಲಿ ಮಾಡಿ, ಅದೇ ರಾತ್ರಿಯ ಬಸ್ಸಿನಲ್ಲಿ ಹಿಂದಿರುಗಿ, ಶನಿವಾರ ಸಂಜೆ ಕೆಲಸದವರಿಗೆ ವಾರದ ಸಂಬಳ ಬಟವಾಡೆ ಮಾಡಬೇಕು.

ಹೊರಡುವ ಮೊದಲು ಹೆಂಡತಿ ತಟ್ಟೆ ಇಟ್ಟು, "ಎರಡು ತುತ್ತು ಉಂಡೇ ಹೋಗಿ" ಎಂದರಂತೆ. ಅವರು ಉಂಡರು. ಆದರೆ ಏನನ್ನು ಉಂಡೆನೆಂದು ಮಾರನೆಯ ದಿನ ನೆನಪಿಗೆ ಬರಲಿಲ್ಲ. ಎದುರಿಗೆ ಕುಳಿತಿದ್ದ ಮಗಳು ಶಾಲೆಯ ಯಾವುದೋ ವಿಷಯ ಹೇಳುತ್ತಿದ್ದಳು, ಅದೂ ನೆನಪಿಲ್ಲ. "ಫಾದರ್, ನಾನು ಅಲ್ಲಿಯೇ ಇದ್ದೆ, ಆದರೆ ಅಲ್ಲಿ ಇರಲಿಲ್ಲ" ಎಂದು ಅವರು ನಮ್ಮೊಡನೆ ಹೇಳಿದ ಮಾತು ತತ್ತ್ವಶಾಸ್ತ್ರದ ಯಾವ ಗ್ರಂಥದಲ್ಲಿ ಬಂದಿದ್ದರೂ ಸಲ್ಲತಕ್ಕದ್ದೇ.

ಬಿಡುವು ಮತ್ತು ವ್ಯವಹಾರ

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಕಾಲದ ಸ್ವರೂಪವನ್ನು ವಿಚಾರಿಸುತ್ತಾರೆ. ಕಳೆದುದು ಈಗಿಲ್ಲ, ಬರಲಿರುವುದು ಇನ್ನೂ ಇಲ್ಲ. ಮನಸ್ಸು ಮಾತ್ರ ನೆನಪಿನ ಕಡೆಗೂ ನಿರೀಕ್ಷೆಯ ಕಡೆಗೂ ಎಳೆಯಲ್ಪಟ್ಟು ಹಿಗ್ಗಿಕೊಂಡಿದೆ ಎಂಬುದು ಅವರ ವಿಚಾರದ ಸಾರ. ಕೆಲಸದ ಒತ್ತಡದಲ್ಲಿರುವ ಮನುಷ್ಯನಲ್ಲಿ ಈ ಎಳೆತ ಒಂದೇ ದಿಕ್ಕಿಗಾಗುತ್ತದೆ. ಬ್ಯಾಂಕಿನಲ್ಲಿರುವಾಗ ಲಾರಿಯ ಯೋಚನೆ, ಲಾರಿಯ ಬಳಿ ಇರುವಾಗ ಬಸ್ಸಿನ ಯೋಚನೆ, ಬಸ್ಸಿನಲ್ಲಿ ನಾಳೆಯ ಬಾಕಿಯ ಯೋಚನೆ. ಕೈ ಈ ಗಂಟೆಯಲ್ಲಿದ್ದರೆ ಮನಸ್ಸು ಮುಂದಿನ ಗಂಟೆಯಲ್ಲಿ. ಹೀಗೆ ಬದುಕಿದವನಿಗೆ ದಿನವೆಲ್ಲ ಕಳೆದರೂ ದಿನವೊಂದು ದೊರೆಯಲಿಲ್ಲವೆಂದೇ ಹೇಳಬೇಕು.

ಪುರಾತನ ಗ್ರೀಕರು ಬಿಡುವನ್ನು 'ಸ್ಖೊಲೆ' ಎಂದು ಕರೆದರು. ಇಂದಿನ 'ಸ್ಕೂಲ್' ಎಂಬ ಶಬ್ದ ಅದರಿಂದಲೇ ಹುಟ್ಟಿದೆ. ದುಡಿಮೆಗೆ ಅವರು ಬಳಸಿದ ಶಬ್ದ 'ಅಸ್ಖೊಲಿಯಾ', ಎಂದರೆ ಬಿಡುವಿಲ್ಲದಿರುವಿಕೆ. ಲ್ಯಾಟಿನಿನಲ್ಲಿಯೂ ಹಾಗೆಯೇ: ಬಿಡುವು 'ಓಟಿಯುಂ', ವ್ಯವಹಾರ 'ನೆಗೋಟಿಯುಂ'. ಅವರ ಭಾಷೆಗಳಲ್ಲಿ ಬಿಡುವು ಮೂಲ ಪದ, ವ್ಯವಹಾರ ಅದರ ನಿಷೇಧ. ಇಂಗ್ಲಿಷಿಗೆ ಬಂದಾಗ ಸ್ಥಿತಿ ತಿರುಗಿದೆ. 'ಬಿಸಿ' ಎಂಬುದರಿಂದ 'ಬಿಸಿನೆಸ್' ಹುಟ್ಟಿತು. ನಮ್ಮ ಕನ್ನಡದಲ್ಲಿ ಬಿಸಿ ಎಂದರೆ ಸುಡುವಂಥದ್ದು! ಉಚ್ಚಾರಣೆಯ ಹೋಲಿಕೆ ಕೇವಲ ಆಕಸ್ಮಿಕವಾದರೂ ಅರ್ಥ ತಪ್ಪಿಲ್ಲ. ನಮ್ಮ ಕರಾವಳಿಯಲ್ಲಿ ಯಾರನ್ನು ವಿಚಾರಿಸಿದರೂ ಮೊದಲು ಬರುವ ಉತ್ತರ "ಪುರುಸೊತ್ತಿಲ್ಲ" ಎಂಬುದು. ಅದನ್ನು ಹೇಳುವಾಗ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿರುತ್ತದೆ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಹತ್ತನೆಯ ಭಾಗದಲ್ಲಿ, ಮನುಷ್ಯನು ದುಡಿಯುವುದು ಬಿಡುವನ್ನು ಗಳಿಸುವುದಕ್ಕಾಗಿ ಎಂದು ವಾದಿಸುತ್ತಾನೆ. ದುಡಿಮೆಯೇ ಗುರಿಯಲ್ಲ, ಅದು ದಾರಿ. ಸಂತ ಥಾಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಾವು ಸೋಮಾರಿತನವೆಂದು ಅನುವಾದಿಸುವ 'ಅಸೀದಿಯಾ' ಎಂಬ ದುರ್ಗುಣವು ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಕಟ್ಟಳೆಗೆ ವಿರುದ್ಧವಾದುದು ಎಂದು ಅವರು ಹೇಳುತ್ತಾರೆ. ಎಂಥ ವಿಚಿತ್ರ! ಸೋಮಾರಿತನವು ದುಡಿಮೆಯ ಕಟ್ಟಳೆಗೆ ವಿರುದ್ಧವೆಂದಲ್ಲವೇ ನಾವು ಎಣಿಸುವುದು? 1948ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಯೋಸೆಫ್ ಪೀಪರ್ ಬಿಡುವಿನ ಕುರಿತು ಬರೆದ ಪುಸ್ತಕದಲ್ಲಿ ಈ ಒಗಟನ್ನು ಬಿಡಿಸಿದ್ದಾರೆ. ಮನುಷ್ಯನು ತನ್ನ ಅಂತರಂಗದಲ್ಲಿ ನೆಲೆನಿಲ್ಲಲು ಒಲ್ಲದಿರುವುದೇ ಅಸೀದಿಯಾ. ಒಲ್ಲದವನು ಮಲಗಿಯೂ ಇರಬಹುದು, ಓಡುತ್ತಲೂ ಇರಬಹುದು. ಎಂದ ಮೇಲೆ ಬಿಡುವಿಲ್ಲದ ಓಡಾಟ ಸೋಮಾರಿತನದ ಶತ್ರುವಲ್ಲ, ಕೆಲವೊಮ್ಮೆ ಅದರ ಒಡಹುಟ್ಟು.

ಹಾಗೆಂದು ಗೇರುಬೀಜದ ನಮ್ಮ ಗೃಹಸ್ಥರನ್ನು ಈ ಪಟ್ಟಿಗೆ ಸೇರಿಸುವುದು ಅನ್ಯಾಯವಾದೀತು. ತಾನಾಗಿ ಓಡುವವನು ಬೇರೆ, ಓಡಿಸಲ್ಪಡುವವನು ಬೇರೆ. ಉಪದೇಶ ಮಾಡುವವರು ಈ ಭೇದವನ್ನು ಮರೆಯಬಾರದು. ಆದುದರಿಂದ ಅವರನ್ನು ಗುರುವಾರ ರಾತ್ರಿ ಬಸ್ಸಿಗೆ ಹತ್ತಿಸುವ ಕೈ ಯಾವುದು ಎಂಬುದನ್ನು ಮೊದಲು ನೋಡೋಣ.

ಬಾಕಿಯ ಹಣ, ಇನ್ನೊಬ್ಬನ ರಾತ್ರಿ

ಗೇರುಬೀಜದ ಕೊಯ್ಲು ನಮ್ಮಲ್ಲಿ ಫೆಬ್ರವರಿಯಿಂದ ಮೇ ತಿಂಗಳ ತನಕ. ನಮ್ಮ ಬೆಳೆ ಕಾರ್ಖಾನೆಗಳಿಗೆ ಸಾಲದೆ ಆಫ್ರಿಕಾದ ದೇಶಗಳಿಂದಲೂ ಕಚ್ಚಾ ಬೀಜ ಬರುತ್ತದೆ. ಕಾರ್ಖಾನೆಯವರು ಸುಗ್ಗಿಯಲ್ಲಿ ಸಾಲ ಮಾಡಿ ಬೀಜ ಕೊಂಡು ಗೋದಾಮಿನಲ್ಲಿ ತುಂಬಿಸಬೇಕು. ತಿರುಳನ್ನು ಮಾರುವುದು ವರ್ಷವಿಡೀ. ಬಡ್ಡಿ ದಿನವೂ ಬೆಳೆಯುತ್ತದೆ, ಹಣ ಬರುವುದು ಮಾತ್ರ ಖರೀದಿದಾರನ ಮನಸ್ಸಿಗೆ ಬಂದಾಗ. ಮಾಲು ಉದ್ರಿಯಾಗಿ ಹೋಗುತ್ತದೆ. ಒಂದು ತಿಂಗಳೆಂದವನು ಎರಡು ತಿಂಗಳು ಎಳೆಯುತ್ತಾನೆ, ಎರಡೆಂದವನು ಮೂರು. ಫೋನಿನಲ್ಲಿ ಕೇಳಿದರೆ "ನಾಳೆ ಹಾಕುತ್ತೇವೆ" ಎಂಬ ಉತ್ತರ. ಬೆರಳಿನ ಒಂದು ಒತ್ತಿಗೆ ಹಣ ಊರಿಂದೂರಿಗೆ ಹೋಗುವ ಈ ಕಾಲದಲ್ಲಿಯೂ ವ್ಯಾಪಾರಿಯೊಬ್ಬನು 350 ಕಿಲೋಮೀಟರ್ ಪ್ರಯಾಣ ಮಾಡಿ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಏಕೆಂದರೆ ಫೋನಿನ ಕರೆಯನ್ನು ಕತ್ತರಿಸಬಹುದು. ಎದುರಿಗೆ ನಿಂತ ಮನುಷ್ಯನನ್ನು ಕತ್ತರಿಸುವುದು ಅಷ್ಟು ಸುಲಭವಲ್ಲ.

ಕಾನೂನು ಇಲ್ಲವೆಂದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಪಡೆದವನು, ಲಿಖಿತ ಕರಾರು ಏನೇ ಇದ್ದರೂ, 45 ದಿನಗಳನ್ನು ಮೀರದಂತೆ ಹಣ ಕೊಡತಕ್ಕದ್ದು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಟ್ಟವನಿಂದ ಮುಂದಿನ ಸಲ ಮಾಲು ಕೊಳ್ಳುವವರಾರು? ಈ ಭಯದಿಂದ ಸಣ್ಣ ವ್ಯಾಪಾರಿ ಕಾನೂನಿನ ಬಾಗಿಲನ್ನು ಬಿಟ್ಟು ಬಸ್ಸಿನ ಬಾಗಿಲನ್ನು ಹತ್ತುತ್ತಾನೆ.

ಕೂಲಿಯಾಳಿನ ಸಂಬಳವನ್ನು ಮರುದಿನ ಬೆಳಗಿನ ತನಕ ನಿನ್ನಲ್ಲಿ ಇರಿಸಿಕೊಳ್ಳಬೇಡವೆಂದು ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದಲ್ಲಿ ಹೇಳಿದೆ. ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟಿದ್ದಾನೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಸೂರ್ಯಾಸ್ತದ ಗಡುವು ಅಂದಿನ ಕೂಲಿಯಾಳಿಗೆ ಸಂಬಂಧಿಸಿದ್ದಾದರೂ ಅದರ ಹಿಂದಿನ ತಿಳಿವು ಇಂದಿಗೂ ಸಲ್ಲುತ್ತದೆ. ತಡೆಹಿಡಿದ ಹಣ ಕೇವಲ ಹಣವಲ್ಲ. ಅದು ಇನ್ನೊಬ್ಬನ ಸಂಜೆ, ಅವನ ಊಟ, ಅವನ ನಿದ್ರೆ. ಬೆಂಗಳೂರಿನ ಯಾವುದೋ ಗಲ್ಲಾಪೆಟ್ಟಿಗೆಯಲ್ಲಿ ಮೂರು ತಿಂಗಳು ತಂಗಿದ ಹಣಕ್ಕಾಗಿ ಮಂಗಳೂರಿನ ಒಂದು ಮನೆಯ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ.

ಇದನ್ನು ದೊಡ್ಡ ವರ್ತಕರಿಗೆ ಮಾತ್ರ ಹೇಳಿದ ಮಾತೆಂದು ನಾವು ನೀವು ತಪ್ಪಿಸಿಕೊಳ್ಳುವಂತಿಲ್ಲ. ಮನೆಯ ಕಪಾಟು ಮಾಡಿಕೊಟ್ಟ ಬಡಗಿಗೆ, ಮದುವೆಯ ಬಟ್ಟೆ ಹೊಲಿದ ದರ್ಜಿಗೆ, ಹಬ್ಬಕ್ಕೆ ಶಾಮಿಯಾನ ಹಾಕಿದವನಿಗೆ "ಮುಂದಿನ ವಾರ ಬಾ" ಎಂದು ಹೇಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅವನೂ ದಿನದ ಕೆಲಸ ಮುಗಿಸಿ, ಸೈಕಲಿನಲ್ಲೋ ಬಸ್ಸಿನಲ್ಲೋ, ನಮ್ಮ ಮನೆಯ ತನಕ ತನ್ನ ಬಾಕಿಗಾಗಿ ಪ್ರಯಾಣ ಮಾಡಿ ಬರುತ್ತಾನೆ. ಅವನ ಮನೆಯಲ್ಲಿಯೂ ಒಂದು ತಟ್ಟೆ ಮುಚ್ಚಿಟ್ಟಿರುತ್ತದೆ.

ಘಟ್ಟದ ದಾರಿ, ಮನುಷ್ಯನ ದೇಹ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಬಿ.ಸಿ.ರೋಡ್, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ದಾಟಿ ಗುಂಡ್ಯದ ಬಳಿ ಶಿರಾಡಿ ಘಟ್ಟವನ್ನು ಏರುತ್ತದೆ. ಮಳೆಗಾಲದಲ್ಲಿ ಅದು ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ಗುಡ್ಡವೇ ನಿರ್ಧರಿಸುತ್ತದೆ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತುದನ್ನು ಓದುಗರು ಮರೆತಿರಲಾರರು. ರೈಲಿನ ಚರಿತ್ರೆಯೂ ಸುಗಮವಾದುದಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್‌ಗೇಜಿಗೆ ಪರಿವರ್ತಿಸುವುದಕ್ಕಾಗಿ 1996ರಲ್ಲಿ ಘಟ್ಟದ ಭಾಗ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಆ ಹನ್ನೊಂದು ವರ್ಷಗಳ ಕಾಲ ನೇರ ಹಾದಿಯಲ್ಲಿ ಹೋಗಬಯಸುವವರಿಗೆ ರಸ್ತೆಯೇ ಗತಿಯಾಗಿತ್ತು. ಅಂದು ತರುಣರಾಗಿ ವ್ಯಾಪಾರಕ್ಕೆ ಇಳಿದವರಲ್ಲಿ ಎಷ್ಟೋ ಮಂದಿಗೆ ರಾತ್ರಿ ಬಸ್ಸೇ ಎರಡನೆಯ ಹಾಸಿಗೆಯಾಯಿತು.

ಕಳೆದ ಮಳೆಗಾಲದ ಒಂದು ಗುರುವಾರ ಲಾರಿಗೆ ಮಾಲು ತುಂಬಿಸುವುದು ತಡವಾಗಿ ನಮ್ಮ ಗೃಹಸ್ಥರಿಗೆ ಬಸ್ಸು ತಪ್ಪಿತು. ಶುಕ್ರವಾರ ಬೆಳಗ್ಗೆ ಒಬ್ಬ ಖರೀದಿದಾರನು ಕೊನೆಗೂ ಹಣ ಕೊಡುತ್ತೇನೆಂದು ಮಾತುಕೊಟ್ಟಿದ್ದನು. ಆ ಗಳಿಗೆಯನ್ನು ಬಿಟ್ಟರೆ ಶನಿವಾರದ ಸಂಬಳಕ್ಕೆ ಹಣವಿಲ್ಲ. ಅವರು ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಒಬ್ಬರೇ ಹೊರಟರು. ಹಾಸನವನ್ನು ದಾಟಿದ ಮೇಲೆ, ಬೆಳಗಿನ ಜಾವ ಮೂರರ ಸುಮಾರಿಗೆ, ಚಕ್ರದ ಕೆಳಗೆ ಜಲ್ಲಿಯ ಸದ್ದು ಕೇಳಿ ಎಚ್ಚರವಾಯಿತು. ಕಾರು ರಸ್ತೆಯ ಅಂಚನ್ನು ಬಿಟ್ಟು ಹೊರಗೆ ಹರಿಯುತ್ತಿತ್ತು. ಎದುರಿಗೆ ಒಂದು ಮೋರಿಯ ಕಲ್ಲು. ನಿಲ್ಲಿಸಿದರು. ಕೈ ನಡುಗುವುದು ನಿಲ್ಲುವ ತನಕ ಅಲ್ಲಿಯೇ ಕುಳಿತು, ಬೆಳಕು ಹರಿದ ಮೇಲೆ ಮುಂದುವರಿದರು. ಹಣ ವಸೂಲಾಯಿತು, ಸಂಬಳ ಬಟವಾಡೆಯಾಯಿತು. ಮನೆಯಲ್ಲಿ ಮಾತ್ರ ಎರಡು ತಿಂಗಳು ಈ ಸಂಗತಿಯನ್ನು ಹೇಳಲಿಲ್ಲ.

1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಎಡೆಬಿಡದೆ 17 ಗಂಟೆ ಎಚ್ಚರವಿದ್ದವನ ಕೈಚಳಕ, ಗಮನಗಳು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತವೆ ಎಂದು ಅವರು ಕಂಡುಕೊಂಡರು. ನಮ್ಮ ದೇಶದ ಮೋಟಾರು ಕಾನೂನು ಚಾಲಕನಿಗೆ ವಿಧಿಸಿದ ಮಿತಿ ಶೇಕಡ 0.03. ಬೆಳಗ್ಗೆ ಐದಕ್ಕೆ ಎದ್ದವನಿಗೆ 17 ಗಂಟೆ ತುಂಬುವುದು ರಾತ್ರಿ ಹತ್ತಕ್ಕೆ! ಒಂದು ತೊಟ್ಟು ಮದ್ಯವನ್ನೂ ಮುಟ್ಟದ, ಪ್ರತಿ ಭಾನುವಾರ ಪೂಜೆಗೆ ಬರುವ, ಹೆಂಡತಿ ಮಕ್ಕಳಿಗಾಗಿಯೇ ದುಡಿಯುವ ಗೃಹಸ್ಥನು ಆ ಹೊತ್ತಿಗೆ ಚಕ್ರ ಹಿಡಿದರೆ ಕುಡಿದು ಓಡಿಸಿದಂತೆಯೇ ಆಯಿತು. ಕೊಲ್ಲಬಾರದೆಂಬ ಐದನೆಯ ಕಟ್ಟಳೆ ಚೂರಿ ಬಂದೂಕುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಎದುರಿನಿಂದ ಬರುವವನ ಪ್ರಾಣವೂ ಅದರೊಳಗಿದೆ, ನಮ್ಮದೂ ಇದೆ.

ಬಸ್ಸಿನಲ್ಲಿ ಹೋದರೆ ಈ ಭಾರವನ್ನು ಚಾಲಕನ ಮೇಲೆ ಹೊರಿಸಿ ನಾವು ಮಲಗುತ್ತೇವೆ. ಅವನೂ ಮನುಷ್ಯನೇ. 1961ರಲ್ಲಿ ಸಂಸತ್ತು ಅಂಗೀಕರಿಸಿದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿ, ದೂರದ ದಾರಿಗಳಲ್ಲಿ ಅದನ್ನು 10 ಮತ್ತು 54 ಗಂಟೆಗಳ ವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ನಡುವೆ ಅರ್ಧ ಗಂಟೆಗೆ ಕಡಮೆಯಲ್ಲದ ವಿರಾಮವನ್ನೂ ವಿಧಿಸಿತು. ಹಾಸನದ ಹತ್ತಿರ ಬಸ್ಸು ಚಹಕ್ಕೆ ನಿಂತಾಗ "ಇಷ್ಟು ಹೊತ್ತು ಯಾಕೆ?" ಎಂದು ಗೊಣಗುವ ಪ್ರಯಾಣಿಕರು ಆ ಅರ್ಧ ಗಂಟೆ ತಮ್ಮ ಪ್ರಾಣದ ಕಾವಲೆಂಬುದನ್ನು ತಿಳಿಯಬೇಕು.

ಕೆಲಸ ಯಾರಿಗಾಗಿ?

1891ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಯ ಮೇಲೆ ಹೊರಡಿಸಿದ ವಿಶ್ವಪತ್ರದಲ್ಲಿ, ವ್ಯಯವಾದ ಶಕ್ತಿಗೆ ತಕ್ಕ ವಿಶ್ರಾಂತಿ ಕಾರ್ಮಿಕನ ಹಕ್ಕೆಂದು ಸಾರಿದರು. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಮಾನವ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ಮನುಷ್ಯನು ಕೆಲಸಕ್ಕಾಗಿ ಅಲ್ಲ, ಕೆಲಸವು ಮನುಷ್ಯನಿಗಾಗಿ ಎಂಬ ತತ್ತ್ವವನ್ನು ವಿವರಿಸಿದರು. ಈ ಬೋಧನೆಯನ್ನು ನಾವು ಸಾಮಾನ್ಯವಾಗಿ ಕಾರ್ಖಾನೆಯ ಕೂಲಿಯವರಿಗೆ ಅನ್ವಯಿಸುತ್ತೇವೆ. ಆದರೆ ಸಣ್ಣ ಯಜಮಾನನೂ ಒಬ್ಬ ಕಾರ್ಮಿಕನೇ. ಅವನಿಗೆ ರಜೆ ಕೊಡುವ ಯಜಮಾನನಿಲ್ಲ, ಅಷ್ಟೇ ವ್ಯತ್ಯಾಸ. ತನ್ನ ಕೆಲಸದವರಿಗೆ ಎಂಟು ಗಂಟೆಯ ಮೇಲೆ ದುಡಿಸಲು ಹೆದರುವವನು ತನ್ನನ್ನು ತಾನು ಹದಿನೆಂಟು ಗಂಟೆ ದುಡಿಸುವಾಗ ಹೆದರುವುದಿಲ್ಲ.

"ಎಲ್ಲವನ್ನೂ ಮಕ್ಕಳಿಗಾಗಿಯೇ ಮಾಡುತ್ತಿದ್ದೇನಲ್ಲ, ಫಾದರ್?" ಎಂದು ಅವರು ಕೇಳಿದರು. ಈ ಪ್ರಶ್ನೆ ಪ್ರಾಮಾಣಿಕವಾದುದು. ಮಕ್ಕಳಿಗೆ ಫೀಸು ಬೇಕು, ಮನೆಯ ಸಾಲ ತೀರಬೇಕು. ಇದನ್ನು ಹಗುರವಾಗಿ ನೋಡುವ ಅಧಿಕಾರ ಸಂಸಾರವಿಲ್ಲದ ನಮಗಿಲ್ಲ. ಆದರೆ ಮಕ್ಕಳಿಗಾಗಿ ಮಾಡುವುದು ಒಂದು, ಮಕ್ಕಳ ಜೊತೆಗಿರುವುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬೇಕೇ ಹೊರತು ಅದನ್ನು ನುಂಗಬಾರದು. ಇದು ಅರಿಸ್ಟಾಟಲನ ಮಾತಿನ ಗೃಹಸ್ಥ ರೂಪ.

ದೂರ ಹೋದವನ ನೆನಪು

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದುಕೊಟ್ಟ ನಿಯಮಾವಳಿಯಲ್ಲಿ ದುಡಿಮೆ, ಓದು, ಪ್ರಾರ್ಥನೆಗಳಿಗೆ ಬೇರೆ ಬೇರೆ ಹೊತ್ತುಗಳನ್ನು ಗೊತ್ತುಪಡಿಸಿದ್ದಾರೆ. ಅದರ 67ನೆಯ ಅಧ್ಯಾಯ ಕೆಲಸದ ಮೇಲೆ ಪ್ರಯಾಣ ಹೊರಡುವ ಸಹೋದರರಿಗೆ ಮೀಸಲು. ಹೊರಡುವವನು ಎಲ್ಲರ ಪ್ರಾರ್ಥನೆಯನ್ನು ಬೇಡಿ ಹೊರಡಬೇಕು. ಅವನು ಮರಳುವ ತನಕ ಮಠದವರು ದಿನದ ಪ್ರಾರ್ಥನಾವಿಧಿಯ ಕೊನೆಯ ಬೇಡಿಕೆಯಲ್ಲಿ ಗೈರುಹಾಜರಾದವರೆಲ್ಲರನ್ನೂ ನೆನೆಯಬೇಕು. ಸುಮಾರು ಹದಿನೈದು ಶತಮಾನಗಳ ಹಿಂದೆಯೇ ಆ ಮಹಾತ್ಮರು, ಕೆಲಸದ ಪ್ರಯಾಣವು ಮನುಷ್ಯನನ್ನು ಅವನ ಮನೆಯವರಿಂದ ಕಡಿದು ಹಾಕಬಾರದೆಂದು ಕಂಡಿದ್ದರು.

ನಮ್ಮ ಹಿರಿಯರ ಮನೆಗಳಲ್ಲಿ ಇದಕ್ಕೆ ಸಮನಾದ ಕ್ರಮವಿತ್ತು. ಸಂಜೆ ಆಮೋರಿಯ ಗಂಟೆ ಕೇಳಿದೊಡನೆ ಗದ್ದೆಯಲ್ಲಿದ್ದವನು ಗುದ್ದಲಿ ಇಡುತ್ತಿದ್ದನು. ದೀಪ ಹಚ್ಚಿದ ಮೇಲೆ ತೇರ್ಸು, ಅದು ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳುವುದು, ಬಳಿಕ ಊಟ. ಬೊಂಬಾಯಿಯಲ್ಲಿದ್ದ ಮಗನಿಗಾಗಿ, ಹಡಗಿನಲ್ಲಿದ್ದ ಅಳಿಯನಿಗಾಗಿ ತೇರ್ಸಿನ ಕೊನೆಯಲ್ಲಿ ಒಂದು ಪ್ರಾರ್ಥನೆ ತಪ್ಪದೆ ಇರುತ್ತಿತ್ತು. ಅಂದು ದಿನಕ್ಕೆ ಒಂದು ಸಂಜೆ ಇತ್ತು. ಗಡಿಯಾರದ ಸಂಜೆಯಲ್ಲ, ಮನೆಯ ಸಂಜೆ. ಆ ಕಾಲವೇ ಚೆನ್ನಾಗಿತ್ತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆ ಮನೆಗಳಲ್ಲಿ ಹಸಿವೂ ಇತ್ತು, ಬೇನೆಯೂ ಇತ್ತು. ಆದರೆ ದಿನಕ್ಕೆ ಒಂದು ಬಾಗಿಲು ಹಾಕುವ ವಿದ್ಯೆ ಅವರಿಗೆ ಗೊತ್ತಿತ್ತು. ವಿದ್ಯುತ್ ದೀಪ ಮತ್ತು ಫೋನುಗಳು ನಮಗೆ ಬಹಳವನ್ನು ಕೊಟ್ಟು ಆ ಬಾಗಿಲಿನ ಚಿಲಕವನ್ನು ಕಿತ್ತುಕೊಂಡವು.

ಗೇರುಬೀಜದ ಗೃಹಸ್ಥರು ಕೊನೆಗೆ ಹೆಂಡತಿಗೆ ಆ ರಾತ್ರಿಯ ಸಂಗತಿಯನ್ನು ಹೇಳಿದರು. ಆಕೆ ಅಳಲಿಲ್ಲ, ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಸಂಬಳ ಸೋಮವಾರ ಕೊಡುತ್ತೇನೆಂದು ಕೆಲಸದವರಲ್ಲಿ ನಾನೇ ಕೇಳಿಕೊಳ್ಳುತ್ತಿದ್ದೆ. ನನ್ನ ಬಳೆ ಇತ್ತು, ಅದನ್ನಾದರೂ ಇಡಬಹುದಿತ್ತು. ನೀವು ನನ್ನಲ್ಲಿ ಒಂದು ಮಾತು ಕೇಳಲಿಲ್ಲ" ಎಂದರಂತೆ. ಮನೆಯ ಯಜಮಾನರೆನಿಸಿಕೊಂಡವರು ಈ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ. ಭಾರವನ್ನು ಒಬ್ಬನೇ ಹೊರುವುದು ಪ್ರೀತಿಯೆಂದು ಅವರು ತಿಳಿದಿದ್ದರು. ಹೊರಲು ಸಿದ್ಧವಾದ ಇನ್ನೊಂದು ಹೆಗಲು ಪಕ್ಕದಲ್ಲಿಯೇ ಇತ್ತು.

ಆ ಮೇಲೆ ಗಂಡಹೆಂಡತಿ ಕುಳಿತು ಕೆಲವು ತೀರ್ಮಾನಗಳನ್ನು ಮಾಡಿದರು. ಕೆಲಸದ ದಿನದ ರಾತ್ರಿ ಅವರು ಕಾರು ಓಡಿಸುವುದಿಲ್ಲ. ಬಸ್ಸು ತಪ್ಪಿದರೆ ಪ್ರಯಾಣವೂ ತಪ್ಪಿತು. ಗುರುವಾರ ಲಾರಿಯ ಹೊಣೆ ಮೇಸ್ತ್ರಿಯದು. ಏಳಕ್ಕೆ ಮನೆಯಲ್ಲಿ ಪ್ರಾರ್ಥನೆ, ಏಳೂವರೆಗೆ ಎಲ್ಲರ ಊಟ, ಅಷ್ಟರ ತನಕ ಫೋನು ಒಳಗಿನ ಕೋಣೆಯಲ್ಲಿ. ಎಲ್ಲ ಖರೀದಿದಾರರಿಗೂ 45 ದಿನದ ಷರತ್ತನ್ನು ಕಾಗದದಲ್ಲಿ ಬರೆದು ಕಳುಹಿಸಿದರು. ಇದರಿಂದ ಎಲ್ಲವೂ ನೇರವಾಯಿತೆಂದು ಬರೆದರೆ ಸುಳ್ಳಾದೀತು. ಇಬ್ಬರು ಒಪ್ಪಿದರು. ಒಬ್ಬನು ಮಾಲು ಕೊಳ್ಳುವುದನ್ನೇ ನಿಲ್ಲಿಸಿದನು. ಅವನು ಸಣ್ಣ ಗಿರಾಕಿಯೇನೂ ಅಲ್ಲ. ಆ ನಷ್ಟವನ್ನು ತುಂಬಲು ಅವರು ಇಂದಿಗೂ ಹೆಣಗುತ್ತಿದ್ದಾರೆ. ಪ್ರಯಾಣ ವಾರಕ್ಕೊಂದರ ಬದಲು ಎರಡು ವಾರಕ್ಕೊಂದಾಗಿದೆ. ಅಷ್ಟೇ ಆಗಿರುವುದು. ಆದರೆ ಮಗಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆಂಬುದು ತನಗೆ ಈಗ ತಿಳಿಯಿತೆಂದು ಅವರು ನಮ್ಮಲ್ಲಿ ಹೇಳಿದಾಗ ಅವರ ಮುಖದಲ್ಲಿದ್ದ ನಗೆಗೆ ಯಾವ ದರ್ಜೆಯ ತಿರುಳಿನ ಬೆಲೆಯೂ ಸಾಲದು.

ಪ್ರಿಯ ಓದುಗರೇ, ಎಲ್ಲರಿಗೂ ಇಷ್ಟನ್ನು ಮಾಡಲು ಸಾಧ್ಯವಾಗದು. ಸಂಬಳಕ್ಕೆ ದುಡಿಯುವವನು ಮೇಲಧಿಕಾರಿ ಕಳುಹಿಸಿದಲ್ಲಿಗೆ ಹೋಗಲೇಬೇಕು. ಆದರೂ ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ. ಇನ್ನೊಬ್ಬರಿಗೆ ಕೊಡಬೇಕಾದ ಹಣ ನಿಮ್ಮಲ್ಲಿದ್ದರೆ ನಾಳೆಗೆಂದು ಇಡಬೇಡಿ. ಅದನ್ನು ಕೊಟ್ಟು ಒಬ್ಬ ಮನುಷ್ಯನ ಸಂಜೆಯನ್ನು ಅವನಿಗೆ ಹಿಂದಿರುಗಿಸಿ. ನೀವು ಇತರರನ್ನು ಕೆಲಸಕ್ಕೆ ಕಳುಹಿಸುವ ಸ್ಥಾನದಲ್ಲಿದ್ದರೆ, ರಾತ್ರಿ ಪ್ರಯಾಣ ಮಾಡಿ ಬಂದವನನ್ನು ಬೆಳಗ್ಗೆ ಒಂಬತ್ತಕ್ಕೆ ಸಭೆಗೆ ಕೂರಿಸುವ ಮೊದಲು ಅವನು ಮಲಗಿದ್ದಾನೋ ಎಂದು ವಿಚಾರಿಸಿ. ಭಾನುವಾರದ ಬೆಳಗನ್ನು ಸೋಮವಾರದ ತಯಾರಿಗೆ ಕೊಡಬೇಡಿ.

ಇಂದು ರಾತ್ರಿ ನಿಮ್ಮ ಮನೆಯಿಂದ ಕೆಲಸದ ಮೇಲೆ ಯಾರಾದರೂ ಹೊರಡುವವರಿದ್ದರೆ, ಹತ್ತು ನಿಮಿಷ ಮೊದಲೇ ಅವರ ಚೀಲ ಸಿದ್ಧವಾಗಲಿ. ಉಳಿದ ಆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಮಕ್ಕಳು ಬೆಸಾಂವ್ ಕೇಳಲಿ. ಹೊರಡುವವರೂ ಮನೆಯ ಹಿರಿಯರಲ್ಲಿ ಕೇಳಲಿ, ವಯಸ್ಸು ಐವತ್ತಾದರೂ ಸರಿಯೇ. ಅವರು ಹೋದ ಮೇಲೆ ಮಲಗುವ ಮುನ್ನ ಅವರ ಹೆಸರು ಹೇಳಿ ಒಂದು ಪ್ರಾರ್ಥನೆ ಮಾಡಿ. ಆ ಬಸ್ಸನ್ನು ಓಡಿಸುತ್ತಿರುವ, ಹೆಸರು ತಿಳಿಯದ ಆ ಸಹೋದರನಿಗಾಗಿಯೂ ಒಂದು.